ಗೆಂಡೆ ದೊರೆಯ ಗಟ್ಟಿತನ

ನಾನು ನಿಂತಿದ್ದದ್ದು ಊಟಿ ಹತ್ತಿರದ ಕೆತ್ತಿ ಕಣಿವೆಯಲ್ಲಿ, ಹೆತ್ತೆಯ ಕೆರೆಯ ಮೂರನೇ ಮೆಟ್ಟಿಲ ಮೇಲೆ. ಮೇಲಿನಿಂದ ಎಣಿಸಿದರೆ ಮೂರನೆಯದು, ಅದರ ಕೆಳಗಿನದು ನೀರಿನಲ್ಲಿತ್ತು. ಆಷಾಢದ ಒಂದು ಗುರುವಾರ, ಬೆಳಿಗ್ಗೆ ಏಳೂಕಾಲು. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳುವುದು ನ್ಯಾಯವೇ. ಚಹಾ ಫ್ಯಾಕ್ಟರಿಯ ಏಳು ಗಂಟೆಯ ಸೈರನ್ ಕೂಗಿದಾಗ ನಾನು ಬೂಟು ಹಾಕಿಕೊಳ್ಳುತ್ತಿದ್ದೆ. ಬೆನ್ನ ಮೇಲೆ ಮದ್ದು ಹೊಡೆಯುವ ಕ್ಯಾನು ಇದ್ದರೆ ನಮ್ಮ ಮನೆಯಿಂದ ಕೆರೆಗೆ ಸರಿಯಾಗಿ ಕಾಲು ಗಂಟೆ.

ಇದೆಲ್ಲ ಇವತ್ತು ನೆನಪಾದದ್ದು ಒಂದು ಪಿಂಗಾಣಿ ಲೋಟದಿಂದ. ಚಹಾ ಕುಡಿದು, ನೀರು ಹಾಕಿ ಒಮ್ಮೆ ಕುಲುಕಿ ಕವುಚಿಡುವುದು ನನ್ನ ಪದ್ಧತಿ. ಮನೆಯವಳು ಊರಿಗೆ ಹೋಗಿ ಒಂಬತ್ತು ದಿನವಾಗಿದೆ, ಕೇಳುವವರಿಲ್ಲ. ಬೆಳಿಗ್ಗೆ ಲೋಟದೊಳಗೆ ನೋಡುತ್ತೇನೆ, ತಳದಲ್ಲಿ ಕಂದು ಬಣ್ಣದ ಉಂಗುರ. ಬೆರಳಿನಿಂದ ಉಜ್ಜಿದರೆ ಹೋಗದು. ಆ ಉಂಗುರ ನೋಡಿದಾಗಲೆಲ್ಲ ನನಗೆ ಒಂದು ಮೀನು ನೆನಪಾಗುತ್ತದೆ.

ಹೆತ್ತೆ ಎಂದರೆ ಈ ಬೆಟ್ಟದ ಬಡಗರ ಮಾತಿನಲ್ಲಿ ಅಜ್ಜಿ. ಅವರು ನನ್ನ ಅಜ್ಜಿಯಲ್ಲ. ನನ್ನ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಹುಣಸೆಹಣ್ಣು ಮಾರಲು ಬಂದು ಚಳಿಗೆ ಬೈಯುತ್ತಲೇ ಇಲ್ಲೇ ಉಳಿದವರು. ನಾನು ಹುಟ್ಟಿದ್ದೂ ಬೆಳೆದದ್ದೂ ಕೆತ್ತಿಯಲ್ಲಿ. ಆದರೂ ಹೆತ್ತೆಗೆ ನಾನು ಕೊನೆಯವರೆಗೂ ‘ಮೈಸೂರ ತಮ್ಮ’. ನನ್ನೊಡನೆ ಮಾತನಾಡುವಾಗ ತಮ್ಮ ಬಡಗ ಮಾತನ್ನು ಕನ್ನಡದ ಕಡೆಗೆ ಬಗ್ಗಿಸಿಕೊಳ್ಳುತ್ತಿದ್ದರು, ಎತ್ತರದ ಕೊಂಬೆಯನ್ನು ಎಳೆದು ಹಣ್ಣು ಕೊಡುವವರ ಹಾಗೆ. ಅವರ ಮನೆ ಮೇಲೆ, ನಡುವೆ ಕೆರೆ, ಕೆಳಗೆ ನನ್ನ ಮೂರು ಹಂತದ ಹೊಲ: ಕ್ಯಾರೆಟ್ಟು, ಬೆಳ್ಳುಳ್ಳಿ, ಕೋಸು. ಕೆರೆ ಅವರದು, ನೀರು ಇಬ್ಬರದು.

ಕೆರೆಯಲ್ಲಿ ದೊರೆ ಇದ್ದ. ಅವನು ಗೆಂಡೆ ಮೀನು. ಹೆತ್ತೆಯ ಗಂಡ ಅವಲಾಂಚ್ ಅಣೆಕಟ್ಟಿನ ಕಡೆಯಿಂದ ಸೀಮೆಎಣ್ಣೆ ಡಬ್ಬದಲ್ಲಿ ತಂದು ಬಿಟ್ಟ ಮರಿಗಳಲ್ಲಿ ಉಳಿದವನು ಅವನೊಬ್ಬನೇ. ಬಿಳಿಚಿದ ದೊಡ್ಡ ಹೊಟ್ಟೆ, ಕೆಂಪು ಮೂತಿ, ಎಂಟು ಗಂಟೆಗೆ ಮೊದಲು ಏಳುವುದಿಲ್ಲ. ಹಳೆಯ ಎಸ್ಟೇಟಿನ ಬಿಳಿಯರನ್ನು ಕಂಡಿದ್ದ ಹೆತ್ತೆಗೆ ಬೇರೆ ಹೆಸರು ಹೊಳೆಯಲೇ ಇಲ್ಲವಂತೆ.

ನಮ್ಮಲ್ಲಿ ಒಂದು ರೂಢಿಯಿತ್ತು. ಕೆರೆಯ ದಾರಿಯಲ್ಲಿ ಹೋಗುವವರು “ದೊರೆ ಎದ್ದರಾ?” ಎಂದು ಕೇಳುವುದು, ಮೊದಲು ಕಂಡವರು “ಎದ್ದರು” ಎನ್ನುವುದು. ಎದ್ದರೆಂದರೆ ನೀರು ಚೆನ್ನಾಗಿದೆ ಎಂದರ್ಥ. ಅದೇ ನಮ್ಮ ಪರೀಕ್ಷೆ, ಅದೇ ನಮ್ಮ ಸರ್ಟಿಫಿಕೇಟು. ಕೋಸಿನ ಹುಳಕ್ಕೆ ಮದ್ದು ಹೊಡೆದು ಕ್ಯಾನನ್ನು ಆ ಕೆರೆಯಲ್ಲೇ ತೊಳೆಯುತ್ತಿದ್ದೆ. ಎಷ್ಟು ವರ್ಷ ತೊಳೆದೆ ಎಂದು ಲೆಕ್ಕ ಹಾಕಲು ಹೋಗುವುದಿಲ್ಲ. ಹಾಕಿದರೆ ನನ್ನ ಮರ್ಯಾದೆ ಹೋಗುತ್ತದೆ. ದೊರೆ ಬದುಕಿದ್ದಾನಲ್ಲ ಎಂಬ ಧೈರ್ಯ. ಮಧ್ಯಾಹ್ನ ಬುತ್ತಿಯಲ್ಲಿ ಉಳಿದ ಅನ್ನವನ್ನು ಅವನಿಗೇ ಹಾಕುತ್ತಿದ್ದೆ. ಒಂದೇ ಕೈ, ಬೆಳಿಗ್ಗೆ ಅದು, ಮಧ್ಯಾಹ್ನ ಇದು.

ಆ ಗುರುವಾರದ ಹಿಂದಿನ ಸಂಜೆ ಮದ್ದು ಹೊಡೆಯುತ್ತಿದ್ದಾಗ ಮಳೆ ಬಂದು, ಕ್ಯಾನಿನ ತಳದಲ್ಲಿ ನಾಲ್ಕು ಬೆರಳಷ್ಟು ಉಳಿದಿತ್ತು. ಬೆಳಿಗ್ಗೆ ಮೂರನೇ ಮೆಟ್ಟಿಲ ಮೇಲೆ ನಿಂತು ಅದನ್ನು ಸುರಿದೆ. ನೀರಿಗೆ ಬಿದ್ದ ಮದ್ದು ಹಾಲು ಒಡೆದ ಹಾಗೆ ಬೆಳ್ಳಗೆ ಹರಡಿತು. ಯಾವಾಗಲೂ ಹಾಗೇ ಹರಡುತ್ತಿತ್ತು, ನಾನು ಯಾವಾಗಲೂ ಬೆನ್ನು ತಿರುಗಿಸಿ ಹೋಗುತ್ತಿದ್ದೆ. ಅಂದು ಬೂಟಿನೊಳಗೆ ಕಲ್ಲು ಸೇರಿತ್ತು. ಅದನ್ನು ತೆಗೆಯಲು ಕುಳಿತೆ. ಅದಕ್ಕೇ ನೋಡಿದೆ.

ಬೆಳ್ಳಗಾದ ಜಾಗದಲ್ಲಿ, ಮಳೆನೀರಿನ ಜೊತೆ ಬಂದು ಸೇರಿದ್ದ ಬೆರಳುದ್ದದ ಮರಿಮೀನುಗಳು ಮೊದಲು ಚದುರಿದವು. ಆಮೇಲೆ ಒಂದು ಓರೆಯಾಯಿತು, ಇನ್ನೊಂದು ಸುತ್ತತೊಡಗಿತು. ನಾನು ಏಳು ಎಣಿಸಿದೆ, ಏಳೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಆಗ ದೊರೆ ಬಂದ. ಜನ್ಮದಲ್ಲಿ ಮೊದಲ ಬಾರಿಗೆ ಬೇಗ ಎದ್ದಿದ್ದ. ಅವಸರವಿಲ್ಲದೆ, ತಿಂಡಿಗೆ ಬಂದವನ ಹಾಗೆ, ಒಂದೊಂದನ್ನೇ ಬಾಯಿಗೆ ಎಳೆದುಕೊಂಡ. ಏಳನ್ನೂ. ಕೆಳಗೆ ಹೋಗಿ ಕೆಸರನ್ನು ಮೂತಿಯಿಂದ ಕೆದಕಿದ. ನಾನು ಬೂಟು ಕೈಯಲ್ಲಿ ಹಿಡಿದು ಕಾಯುತ್ತ ಕುಳಿತೆ. ಅವನು ಸಾಯಲಿಲ್ಲ. ನನ್ನ ಕೈಕಾಲು ತಣ್ಣಗಾದದ್ದು ಅದಕ್ಕೇ. ಸತ್ತಿದ್ದರೆ ಪಾಪ ಎಂದುಕೊಂಡು ಮನೆಗೆ ಹೋಗುತ್ತಿದ್ದೆನೇನೋ. ಇವನು ಎಲ್ಲವನ್ನೂ ಒಳಗಿಟ್ಟುಕೊಂಡು ಈಜುತ್ತಿದ್ದ. ಇಷ್ಟು ವರ್ಷ ನಾನು ಸುರಿದದ್ದು ಎಲ್ಲಿಗೆ ಹೋಯಿತು ಎಂದು ಅಂದೇ ಮೊದಲು ಯೋಚಿಸಿದೆ.

ಮಧ್ಯಾಹ್ನ ಹೆತ್ತೆ ಕೂಗಿ ಕರೆದರು. ಅವರ ಮೊಮ್ಮಗಳು ಸುಮತಿ ಏಳು ತಿಂಗಳ ಬಸುರಿ, ಗಂಡನ ಹಟ್ಟಿಯಿಂದ ಬಂದಿದ್ದಳು. ಅವಳಿಗೆ ಮೀನಿನ ಬಯಕೆ. ಕಲ್ಲಿಕೋಟೆ ಕಡೆಯ ಮೀನಿನ ವ್ಯಾನು ಗೂಡಲೂರು ಹತ್ತಿ ನಡುವಟ್ಟಂ ದಾಟಿ ಬರಬೇಕು. ನಡುವಟ್ಟಂನಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿ ನಾಲ್ಕು ದಿನವಾಗಿತ್ತು.

“ತಮ್ಮಾ, ದೊರೆನ ಹಿಡಿ. ನೀ ಅನ್ನ ಹಾಕಿದ್ರೆ ಕೈಗೇ ಬತ್ತಾನೆ. ಸಾಯಂಕಾಲ ಕುಳಂಬು ಸಾರು ಮಾಡ್ತೆ.”

“ದೊರೆನಾ? ಇಷ್ಟು ವರ್ಷ ಸಾಕಿದ್ದು, ಹೆತ್ತೆ.”

“ಸಾಕಿದ ಕೋಳೀನ ತಿನ್ನೋದಿಲ್ಲವಾ ನೀನು? ಕೇಳು. ಬೆಳಿಗ್ಗೆ ನಾ ಮೇಲಿನ ಬದುವಲ್ಲಿ ಸೊಪ್ಪು ಕೀಳ್ತಿದ್ದೆ. ಎಲ್ಲಾ ಕಂಡೆ. ನಿನ್ನ ಮದ್ದಿಗೆ ಏಳು ಮೀನು ಸತ್ವು. ಏಳನ್ನೂ ತಿಂದು ದೊರೆ ಜುಮ್ಮಂತ ಇದ್ದಾನೆ. ಅಷ್ಟು ಗಟ್ಟಿ ಮೀನು ತಿಂದ್ರೆ ಮಗು ಎಷ್ಟು ಗಟ್ಟಿಯಾಗ್ತದೆ.”

ನೋಡಿ, ಇಬ್ಬರೂ ಒಂದೇ ಮೀನನ್ನು, ಒಂದೇ ಹೊತ್ತಿನಲ್ಲಿ, ಇಪ್ಪತ್ತು ಅಡಿ ಅಂತರದಿಂದ ನೋಡಿದ್ದೆವು. ನನಗೆ ಕೈ ತಣ್ಣಗಾಗಿತ್ತು, ಅವರಿಗೆ ಬಾಯಲ್ಲಿ ನೀರೂರಿತ್ತು. ನನಗೆ ಓದು ಹತ್ತನೆಯವರೆಗೆ. ಒಳಗೆ ಏನು ನಡೆಯುತ್ತದೆ ಎಂದು ವಿವರಿಸಲು ಬಾರದು. ಬಾಯಿಗೆ ಬಂದದ್ದು ಇಷ್ಟೇ: “ಹೆತ್ತೆ, ಅವನು ಮದ್ದನ್ನ ಗೆದ್ದಿಲ್ಲ. ಹೊತ್ತುಕೊಂಡಿದ್ದಾನೆ. ನಾನು ಎಂಟ್ಹತ್ತು ವರ್ಷದಿಂದ ಕ್ಯಾನು ತೊಳೆದಿದ್ದೆಲ್ಲ ಅವನಲ್ಲಿದೆ. ಸುಮತಿಗೆ ಕೊಡಬೇಡಿ.”

“ಎಂಟ್ಹತ್ತು ವರ್ಷವಾ?” ಹೆತ್ತೆ ಬುಟ್ಟಿ ಕೆಳಗಿಟ್ಟರು. “ನನ್ನ ಕೆರೇಲಿ?”

ಕೆಲವು ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬಡಗ ಮಾತು ಕನ್ನಡಕ್ಕೆ ಹತ್ತಿರ, ಬೈಗುಳದಲ್ಲಂತೂ ಬಹಳ ಹತ್ತಿರ.

ಗಲಾಟೆಗೆ ಸುಮತಿ ಬಾಗಿಲಿಗೆ ಬಂದಳು, ಕೈಯಲ್ಲಿ ಚಹಾ ಲೋಟ. ಅವಳು ಊಟಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಎಲ್ಲ ಕೇಳಿ ನಗತೊಡಗಿದಳು, ಹೊಟ್ಟೆ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಮೇಲೇ ಕುಳಿತಳು.

“ಹೆತ್ತೆ, ಮಾಮ ಹೇಳೋದು ಸರಿ. ಈ ಲೋಟ ನೋಡು. ದಿನಾ ಚಹಾ ಬರ್ತದೆ, ಹೋಗ್ತದೆ. ಕರೆ ಮಾತ್ರ ನಿಲ್ತದೆ. ಹಾಗೇ ಕೆಲವು ಮದ್ದು. ಕೆಸರಲ್ಲಿ ಕೂತ್ಕೊಳ್ತದೆ, ಕೆಸರು ತಿಂದ ಹುಳದಲ್ಲಿ ಸ್ವಲ್ಪ, ನೂರು ಹುಳ ತಿಂದ ಮರಿಮೀನಲ್ಲಿ ಇನ್ನಷ್ಟು, ಆ ಮರಿಗಳನ್ನ ತಿಂದ ದೊಡ್ಡ ಮೀನಿನ ಕೊಬ್ಬಲ್ಲಿ ಎಲ್ಲಕ್ಕಿಂತ ಜಾಸ್ತಿ. ನೀರು ನೋಡಿದ್ರೆ ತಿಳಿ.”

“ಮತ್ತೆ ದೊಡ್ಡ ಮೀನನ್ನ ತಿಂದವರಲ್ಲಿ?” ಎಂದರು ಹೆತ್ತೆ.

ಸುಮತಿಯ ನಗು ನಿಂತಿತು. ಕೈ ಹೊಟ್ಟೆಯ ಮೇಲಿತ್ತು.

“ಇವನಲ್ಲಿ ಎಷ್ಟಿದೆಯೋ, ಪರೀಕ್ಷೆ ಮಾಡದೆ ಹೇಳೋಕ್ಕಾಗಲ್ಲ,” ಎಂದಳು. “ಆದ್ರೆ ನಾನಂತೂ ತಿಂದು ನೋಡಲ್ಲ. ಇದನ್ನೇ ಪರೀಕ್ಷೇಲಿ ಬರೆದು ಮಾರ್ಕು ತಗೊಂಡಿದ್ದೆ ಮಾಮ. ನಿನ್ನೆ ದೊರೆನ ನೋಡಿ ಬಾಯಲ್ಲಿ ನೀರು ಬಂತು. ಓದಿದ್ದು ನಾಲಿಗೆಗೆ ಗೊತ್ತಿರಲಿಲ್ಲ.”

ಹೆತ್ತೆ ಆ ಲೋಟ ಇಸಿದುಕೊಂಡು ಒಳಗೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಅಂಗಡಿಗೆ ಹೋಗು,” ಎಂದರು. “ಕರುವಾಡು ತಾ. ಸಮುದ್ರದ್ದು. ನೀನು ಕ್ಯಾನು ತೊಳೆಯದ ನೀರು ಅದೊಂದೇ ಉಳಿದಿರೋದು.”

ಒಣಮೀನು ತಂದೆ. ಕುಳಂಬಿನ ವಾಸನೆ ಕಣಿವೆಯ ಆಚೆ ಬದಿಗೂ ಹೋಗಿರಬೇಕು. ಸುಮತಿ ಮೂರು ಸಲ ಹಾಕಿಸಿಕೊಂಡಳು, ನನಗೆ ಶಿಕ್ಷೆಯಾಗಿ ತಲೆಗಳು ಮಾತ್ರ ಸಿಕ್ಕವು.

ಮರುದಿನದಿಂದ ಹೆತ್ತೆಯ ಕಾನೂನು ಬಂತು. ಕ್ಯಾನು ಹೊತ್ತವರು ಕೆರೆಯ ಮೆಟ್ಟಿಲು ಇಳಿಯಬಾರದು. ಎಷ್ಟು ಬೇಕೋ ಅಷ್ಟೇ ಕಲಸಬೇಕು, ತೊಳೆದ ನೀರನ್ನು ಆ ಹೊಲಕ್ಕೇ ಹೊಡೆದು ಮುಗಿಸಬೇಕು. ಕಾವಲಿಗೆ ಅವರೇ ಬದುವಿನ ಮೇಲೆ ಸೊಪ್ಪು ಕೀಳುವ ನೆಪದಲ್ಲಿ ಕೂರುತ್ತಿದ್ದರು. ಸೊಪ್ಪು ಮುಗಿದ ಮೇಲೂ ಕೂರುತ್ತಿದ್ದರು. ಮದ್ದನ್ನು ನಾನು ಪೂರ್ತಿ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಡಿಮೆ ಮಾಡಿದ್ದೇನೆ, ಹುಳ ತಿಂದ ಕೋಸನ್ನು ಸ್ವಲ್ಪ ನಾಚಿಕೆಯಿಂದ ಮಾರುತ್ತೇನೆ. ದೊರೆಗೆ ಮಾತ್ರ ಜೀವದಾನವಾಯಿತು. ನಾನು ಉಣ್ಣಿಸಿದ ವಿಷವೇ ಅವನನ್ನು ಸಾರಿನ ಪಾತ್ರೆಯಿಂದ ಉಳಿಸಿತು. ಇದಕ್ಕೆ ಅವನು ನನಗೆ ಕೃತಜ್ಞನಾಗಿದ್ದಾನೆಂದು ಅನ್ನಿಸುವುದಿಲ್ಲ.

ಇವತ್ತು ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಅಜ್ಜ ಮಾರಿಕೊಂಡು ಬಂದ ಸರಕು ಕೊನೆಗೂ ನನ್ನ ಕೈಯಲ್ಲಿ ಒಂದು ಕೆಲಸಕ್ಕೆ ಬಂತು. ಉಂಗುರ ಹೋಯಿತು. ಪಿಂಗಾಣಿಗೆ ಆ ಭಾಗ್ಯವಿದೆ. ಆಮೇಲೆ ಕೆರೆಗೆ ಇಳಿದೆ, ಬರಿಗೈಯಲ್ಲಿ. ಸುಮತಿಯ ಮಗಳು ರಜೆಗೆ ಬಂದಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಅಷ್ಟು ಬಿಟ್ಟರೆ ಗಟ್ಟಿಯಾಗಿಯೇ ಇದ್ದಾಳೆ. ಮೇಲಿನಿಂದಲೇ ಕೂಗಿ ಕೇಳಿದಳು: “ತಾತಾ, ದೊರೆ ಎದ್ದರಾ?”

ಎದ್ದಿದ್ದರು. ಆದರೆ ಈಗ ಅದರರ್ಥ ನೀರು ಚೆನ್ನಾಗಿದೆ ಎಂದಲ್ಲ, ದೊರೆ ಎದ್ದಿದ್ದಾರೆ ಎಂದಷ್ಟೇ.

ಆ ಗುರುವಾರ ಏಳೂಕಾಲಿಗೆ ನಡೆದದ್ದನ್ನು ಕಂಡವರು ಮೂವರು. ಬದುವಿನ ಮೇಲಿದ್ದ ಹೆತ್ತೆ ಹೋದ ವರ್ಷ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಮೂರನೇ ಮೆಟ್ಟಿಲ ಮೇಲಿದ್ದ ನಾನು ಇದ್ದೇನೆ. ಬದುಕಿರುವ ಇನ್ನೊಬ್ಬ, ನನಗಿಂತ ಹತ್ತಿರದಿಂದ ಕಂಡವನು, ದೊರೆ.