ಗೋಲ್‌ಕೀಪರ್ ಕಾಲಿಗೆ ಯಜಮಾನರ ಮುಖ

ಸ್ನೇಹಿತರೇ, ಇವತ್ತು ಹೊನ್ನಾವರದ ಮೈದಾನದಲ್ಲಿ ನನ್ನ ಮಾನ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

ನಾನು ಕಲಿಸುವ ಹುಡುಗಿಯರ ಹಾಕಿ ತಂಡಕ್ಕೆ ಕುಮಟಾದ ಬಂಗಾರದಂಗಡಿ ಯಜಮಾನರೇ ಪ್ರಾಯೋಜಕರು. ಗೋಲ್‌ಕೀಪರ್‌ಗೆ ಪ್ಯಾಡ್ ಕೊಡಿಸಿ ಅಂದರೆ, ತಮ್ಮ ನಗುಮುಖದ ಎರಡು ದೊಡ್ಡ ಫ್ಲೆಕ್ಸ್ ಕಳಿಸಿದರು. ಕಡೆಗೆ ಹಳೇ ನಾರಿನ ಹಾಸಿಗೆ ಕತ್ತರಿಸಿ ನಾವೇ ಪ್ಯಾಡ್ ಮಾಡಿಕೊಂಡೆವು. ನಾರು ಚುಚ್ಚುತ್ತದೆಂದು ಗೋಲ್‌ಕೀಪರ್ ನಾಗವೇಣಿ ಅದಕ್ಕೆ ಒಂದು ಫ್ಲೆಕ್ಸ್ ಹರಿದು ಸುತ್ತಿದ್ದಾಳೆ. ನಾನು ನೋಡಿದ್ದು ಆಟ ಶುರುವಾದ ಮೇಲೆ. ಒಂದೊಂದು ಕಾಲಿಗೆ ಯಜಮಾನರ ಅರ್ಧರ್ಧ ಮುಖ! ಬಂದ ಚೆಂಡೆಲ್ಲ ಅವರ ಕೆನ್ನೆಗೇ. ಅವರೋ ಮುಖ್ಯ ಅತಿಥಿಯಾಗಿ ಎದುರಿಗೇ ಕೂತಿದ್ದಾರೆ.

ಆಟ ಮುಗಿದದ್ದೇ ಧುಮುಗುಡುತ್ತ ಬಂದರು. "ಎಂತ ಮಾಸ್ತರ್ರೆ ಇದು? ನನ್ನ ಮುಖ ಕಾಲಿಗೆ ಕಟ್ಟೂದಾ?"

ನಾನು ಬಾಯಿ ತೆರೆಯುವ ಮೊದಲೇ ನಾಗವೇಣಿ ಹೇಳಿದಳು: "ನೀವು ಕೊಟ್ಟದ್ದು ಅದೊಂದೇ ಅಲ್ದಾ ಸರ್?" ಪ್ಯಾಡ್ ಸಡಿಲಿಸಿ ತೋರಿಸಿದಳು. ಅಷ್ಟೆಲ್ಲ ಕಟ್ಟಿಕೊಂಡರೂ ಕಾಲು ಬಾತುಕೊಂಡಿತ್ತು.

ಯಜಮಾನರು ಬಗ್ಗಿ ಆ ಕಾಲನ್ನು ನೋಡಿದರು. ಆಮೇಲೆ ಮೆಲ್ಲಗೆ, "ಆತು, ಹೊಸ ಪ್ಯಾಡ್ ಕಳಿಸ್ತೆ. ಮೊದ್ಲು ನನ್ನ ಮುಖ ಅಲ್ಲಿಂದ ತೆಗಿ ಮಾರಾಯ್ತಿ" ಅಂದರು.

ನಮ್ಮ ಸ್ಟಿಕ್ಕುಗಳೂ ಹಳತಾಗಿವೆ. ಇನ್ನೊಂದು ಫ್ಲೆಕ್ಸನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.