ಏನು ಹಾಕಿದರೂ ಹಿಡಿಯುವ ಡಬ್ಬಿ

ಕಳೆದ ವಾರ ಒಂದು ಕೆಲಸಕ್ಕೆ ಎಂಟು ಸಾವಿರ ರೂಪಾಯಿ ಕೊಟ್ಟೆ. ಒಂದು ರೂಪಾಯಿಯನ್ನೂ ಇಳಿಸಲಿಲ್ಲ. (ನನ್ನನ್ನು ಬಲ್ಲವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿ.) ಕಾರಣ, ಮುಕ್ಕುಂದದ ಹುಲಿಗೆಮ್ಮ.

ಸಿಂಧನೂರಿನ ನನ್ನ ಗೋದಾಮಿನಲ್ಲಿ ರೈತರು ಭತ್ತ ಇಡುತ್ತಾರೆ. ಹೆಚ್ಚು ಒಣಗಿದ್ದು ಮೊದಲು ಮಿಲ್ಲಿಗೆ. ಇದನ್ನು ನೋಡಿಕೊಳ್ಳಲು ಲಿಂಗಸುಗೂರಿನ ಗೌತಮಿ ಸಾಫ್ಟ್‌ವೇರ್ ಬರೆಯುತ್ತೇನೆಂದಳು. ತಳಿ, ಚೀಲ, ತೇವಾಂಶ, ಒಯ್ಯುವ ತಾರೀಖು, ಒಂದೊಂದಕ್ಕೂ ಬೇರೆ ಖಾನೆ.

"ಒಬ್ಬ ರೈತ ಮೂರು ಮಾತು ಹೇಳ್ತಾನ, ಇನ್ನೊಬ್ಬ ಆರು. ಎಷ್ಟು ಖಾನೆ ಮಾಡ್ತೀ?" ಅಂದೆ.

"ಎಷ್ಟು ಬೇಕೋ ಅಷ್ಟು ರೀ. ವೇರಿಯಾಡಿಕ್ ಜೆನೆರಿಕ್ಸ್ ಅಂತಾರ. ಟಿಫಿನ್ ಕ್ಯಾರಿಯರ್ ಇದ್ದಂಗ. ಡಬ್ಬಿ ಮ್ಯಾಲೆ ಡಬ್ಬಿ ಏರಿಸ್ರಿ. ಆದ್ರ ಮಜ್ಜಿಗಿ ಡಬ್ಬಿಗೆ ಮಜ್ಜಿಗೀನ, ರೊಟ್ಟಿ ಡಬ್ಬಿಗೆ ರೊಟ್ಟೀನ."

"ಅಷ್ಟ್ಯಾಕ? ಏನ್ ಹಾಕಿದ್ರೂ ಹಿಡಿಯೋ ಒಂದ ಡಬ್ಬಿ ಮಾಡು. ರೇಟೂ ಅರ್ಧ ಮಾಡು."

"ಮಾಡ್ತೀನ್ರಿ. ಆಮ್ಯಾಲೆ ಮಜ್ಜಿಗ್ಯಾಗ ರೊಟ್ಟಿ ತೇಲಾಕತ್ತೈತಿ ಅಂತ ನನ್ನ ಬೈಯಬ್ಯಾಡ್ರಿ."

ಮನೆಯಲ್ಲಿ ಇಲಿ ಕಾಟವೆಂದು ಹುಲಿಗೆಮ್ಮ ಬಿತ್ತನೆಗೆ ಆರಿಸಿದ ಭತ್ತವನ್ನು ನನ್ನಲ್ಲಿ ತಂದಿಟ್ಟಳು. ಅರ್ಧ ರೇಟಿಗೆ ಬಂದ ನಮ್ಮ ಒಂದೇ ಡಬ್ಬಿಯಲ್ಲಿ ಮೊದಲು ತಳಿ, ಆಮೇಲೆ ಚೀಲ, ಮೂರನೆಯದು ತೇವಾಂಶ. ಗುಮಾಸ್ತ ಮೂರನೆಯದಾಗಿ 'ಬೀಜಕ್ಕೆ' ಎಂದು ಟೈಪ್ ಮಾಡಿದ. ಡಬ್ಬಿ ನುಂಗಿತು. ಅಲ್ಲಿ ಅಂಕಿ ಕಾಣದೆ ಕಂಪ್ಯೂಟರ್ ಅದನ್ನು ಸೊನ್ನೆ ಎಂದುಕೊಂಡಿತು. ಸೊನ್ನೆ ತೇವಾಂಶ! ಅದಕ್ಕಿಂತ ಒಣಗಿದ ಭತ್ತ ಲೋಕದಲ್ಲಿ ಉಂಟೆ? ಮಿಲ್ಲಿನ ಲಾರಿಗೆ ಅವಳ ಚೀಲಗಳೇ ಮೊದಲು ಏರಿದವು.

ಸಸಿ ಮಡಿಗೆ ನೀರು ಬಿಟ್ಟು ಹುಲಿಗೆಮ್ಮ ಬೀಜ ಕೇಳಲು ಬಂದಾಗ ಲಾರಿ ಹೊರಟುಹೋಗಿತ್ತು. ಅಕ್ಕಿಯಾದ ಮೇಲೆ ಬಿತ್ತುವುದೇನನ್ನು? ಡ್ರೈವರ್‌ಗೆ ಫೋನ್ ಹಚ್ಚಿದೆ.

"ಮಸ್ಕ್ಯಾಗ ಚಾ ಕುಡ್ಯಾಕತ್ತೀನ್ರಿ."

"ಇನ್ನೊಂದು ಕುಡಿ! ನಾ ರೊಕ್ಕಾ ಕೊಡ್ತೀನಿ!"

ಹುಲಿಗೆಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಸ್ಕಿಗೆ ಹೋದೆ. ಮೊದಲು ಏರಿದ್ದು ತಳದಲ್ಲಿ ತಾನೇ? ರಸ್ತೆ ಬದಿಗೆ ಇಡೀ ಲಾರಿ ಇಳಿಸಿದೆವು. ಹಸಿರು ಸೀರೆಯ ಚೂರಿನಿಂದ ಬಾಯಿ ಕಟ್ಟಿದ ಅವಳ ಚೀಲಗಳು ಕೊನೆಗೆ ಕಂಡವು. ಒಂದು ಹರಿದು ಚೆಲ್ಲಿತ್ತು. ಕೂತು ಬೊಗಸೆಯಲ್ಲಿ ತುಂಬಿಕೊಳ್ಳುತ್ತಾ ಅಂದಳು:

"ಸಾವ್ಕಾರ, ಗುರ್ತಿಗಂತ ನಾ ಉಟ್ಟ ಸೀರಿ ಹರದೀನಿ. ನಿನ್ನ ಮಿಷನ್ನಿಗೆ ಒಂದು ಚಿಂದಿ ಸಿಗಲಿಲ್ಲೇನು?"

ಅಲ್ಲಿಂದಲೇ ಗೌತಮಿಗೆ ಫೋನ್ ಮಾಡಿದೆ.

"ರೊಟ್ಟಿ ತೇಲಿತೇನ್ರಿ?" ಅಂದಳು.

ಆ ಎಂಟು ಸಾವಿರಕ್ಕೆ ಅವಳು ಖಾನೆಗಳನ್ನೆಲ್ಲ ಬೇರೆ ಬೇರೆ ಮಾಡಿಕೊಟ್ಟಳು. ಈಗ ಹುಲಿಗೆಮ್ಮನ ಭತ್ತಕ್ಕೆ 'ಬೀಜವೇ? ಹೌದು, ಅಲ್ಲ' ಎಂಬ ಖಾನೆ ಒಂದು ಹೆಚ್ಚು. ಬೇಡದವರಿಗೆ ಅದು ಇಲ್ಲ. ತೇವಾಂಶದಲ್ಲಿ ಅಕ್ಷರ ಒತ್ತಿದರೆ ಮಿಷನ್ನು ಅಲ್ಲೇ ಅಡ್ಡಗಾಲು ಹಾಕುತ್ತದೆ, ಲಾರಿ ಹೊರಡುವ ಮುಂಚೆ.

ಚೌಕಾಶಿ ಬಿಡಿ ಎಂದು ನಾನು ಹೇಳುವವನಲ್ಲ. ರೇಟಿನಲ್ಲಿ ಎಷ್ಟಾದರೂ ಜಗ್ಗಿ, ಖಾನೆಗಳನ್ನು ಮಾತ್ರ ಮುಟ್ಟಬೇಡಿ. ದುಡ್ಡು ಕೊಡುವ ಮುಂಚೆ ಅಂಕಿ ಬರೆಯುವ ಜಾಗದಲ್ಲಿ ನಿಮ್ಮ ಹೆಸರು ಟೈಪ್ ಮಾಡಿ ನೋಡಿ. ಅದು ಸುಮ್ಮನೆ ತಗೊಂಡರೆ, ನೀವು ತಗೋಬೇಡಿ.