ಚಳಿಗೆ ನಿಂತ ಬಂಡಿ

ಧನುರ್ಮಾಸ ಹಿಡಿಯಿತೆಂದರೆ ರಾತ್ರಿ ನನ್ನ ಬೈಕಿಗೆ ಒಂದು ಹಳೆಯ ಕಂಬಳಿ ಹೊದೆಸುತ್ತೇನೆ. ನೀವು ನಗಬಹುದು. ನಮ್ಮ ಮುಳ್ಳೇರಿಯದ ಚಳಿಯನ್ನು ಚಳಿ ಎಂದು ಕರೆದರೆ ಮಡಿಕೇರಿಯವರು ಎದ್ದೇ ಹೋಗಿಯಾರು. ಬೆಳಗ್ಗೆ ಸ್ವಲ್ಪ ಮಂಜು, ಅಂಗಳದ ಹುಲ್ಲಿನಲ್ಲಿ ಒಂದಿಷ್ಟು ಇಬ್ಬನಿ, ಬಿಸಿಲೇರಿದರೆ ಮತ್ತದೇ ಸೆಕೆ. ಆದರೂ ಈ ಮುದಿ ಬಂಡಿ ಆ ಹೊತ್ತಿಗೆ ಮುನಿಸಿಕೊಳ್ಳುತ್ತದೆ. ಚೋಕ್ ಎಳೆಯಬೇಕು, ಕಿಕ್ಕರಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒದೆಯಬೇಕು, ಅದು ಎರಡು ಸಲ ಕೆಮ್ಮಿ ಸುಮ್ಮನಾದ ಮೇಲೆ ಮತ್ತೆ ಒದೆಯಬೇಕು; ಕೊನೆಗೆ ಅದು ಸ್ಟಾರ್ಟ್ ಆಗುವಷ್ಟರಲ್ಲಿ ಒದ್ದವನ ಚಳಿ ಬಿಟ್ಟಿರುತ್ತದೆ.

ಬೈಕೂ ಕಂಬಳಿಯೂ ಪಕ್ಕದ ಮನೆಯ ಐತಪ್ಪಣ್ಣನವು. ಮೂತ್ರಪಿಂಡ ಕೈಕೊಟ್ಟು, ಕಿಕ್ ಹೊಡೆಯುವ ಶಕ್ತಿ ಕಾಲಿನಲ್ಲಿ ಉಳಿಯದೆ ಹೋದಾಗ ಎರಡನ್ನೂ ತಂದು ನನ್ನ ಅಂಗಳದಲ್ಲಿ ನಿಲ್ಲಿಸಿದ. "ಅದಕ್ಕೂ ಚಳಿ ಆಗ್ತದೆ ಮಾರಾಯ, ಹೊದೆಸು" ಎಂದ. ವಾರಕ್ಕೆರಡು ಬೆಳಗ್ಗೆ ಅವನನ್ನು ಹಿಂದೆ ಕೂರಿಸಿಕೊಂಡು ಕಾಸರಗೋಡಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬಿಟ್ಟು, ತಿರುಗಿ ಬಂದು ಬೋವಿಕಾನದ ನನ್ನ ಕನ್ನಡಕದ ಅಂಗಡಿಯ ಬಾಗಿಲು ತೆಗೆಯುವುದು ಹೋದ ಚಳಿಗಾಲದ ನನ್ನ ದಿನಚರಿಯಾಗಿತ್ತು. ಆಸ್ಪತ್ರೆಯಲ್ಲಿ ಸರದಿ ಬಿಗಿ. ನಾವು ತಡವಾದಷ್ಟೂ ಅವನು ಯಂತ್ರಕ್ಕೆ ಕೂಡಿಕೊಂಡಿರುವ ಹೊತ್ತು ಮೊಟಕಾಗುತ್ತಿತ್ತು, ಮತ್ತು ಆ ಹೊತ್ತೇ ಅವನ ಉಳಿದ ಆಯುಷ್ಯವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನೆನಪು ಹೀಗೆ ತೋರಿಸುತ್ತದೆ. ನಾನು ಬಂಡಿಯನ್ನು ಸ್ಟಾರ್ಟ್ ಮಾಡಿ ಬಿಟ್ಟು ಹೆಲ್ಮೆಟ್ ತರಲು ಒಳಗೆ ಹೋಗುತ್ತೇನೆ. ಮಂಕಿ ಟೋಪಿ ಹಾಕಿದ ಐತಪ್ಪಣ್ಣ ಬಗ್ಗಿ, ಒಲೆಯ ಮುಂದೆ ನಿಂತವನ ಹಾಗೆ ಇಂಜಿನ್ನಿನ ಪಕ್ಕ ಅಂಗೈ ಕಾಯಿಸುತ್ತಿರುತ್ತಾನೆ. ಹೊರಡುತ್ತೇವೆ. ಅವನ ಕೈಗಳು ನನ್ನ ಅಂಗಿಯ ಜೇಬಿನೊಳಗೆ ಸೇರುತ್ತವೆ. ಬಟ್ಟೆ ದಾಟಿ ಎದೆಗೆ ತಾಗುವ ಆ ತಣ್ಣಗಿನ ಬೆರಳುಗಳು. ಊರು ದಾಟಿ ಸ್ವಲ್ಪ ದೂರ, ಗೇರುತೋಟದ ತಿರುವಿನಲ್ಲಿ ಬಂಡಿ ಬಿಕ್ಕಿ ನಿಲ್ಲುತ್ತದೆ. ಅಲ್ಲಿ ರಸ್ತೆಗಾಗಿ ಗುಡ್ಡ ಕಡಿದ ಕೆಂಪು ದರೆಯೊಂದಿದೆ. ಬೆಳಗಿನ ಮೊದಲ ಬಿಸಿಲು ಅದರ ಮೇಲೆಯೇ ಬೀಳುವುದು. "ಚಳಿಗೆ ನಿಂತಿತು, ಪಾಪ" ಎಂದು ಅವನು ಇಳಿದು ದರೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಾನೆ. ನಾನು ಕಿಕ್ ಹೊಡೆಯುತ್ತೇನೆ, ಪ್ಲಗ್ ಬಿಚ್ಚಿ ಒರೆಸುತ್ತೇನೆ, ಬೈಯುತ್ತೇನೆ.

"ಎಂತಕ್ಕೆ ಅದಕ್ಕೆ ಬೈತಿ? ನಿನ್ನ ಹಾಗೆ ಉಪ್ಪಿಟ್ಟು ತಿಂದು ಹೊರಟದ್ದಾ ಅದು?"

"ಅಲ್ಲಿ ಸಿಸ್ಟರ್ ಬೈಯುವುದು ನಿನಗೇ, ನೆನಪುಂಟಾ?"

"ಬೈಲಿ. ಬೈದರೆ ಮೈ ಬಿಸಿ ಆಗ್ತದೆ."

ಆಮೇಲೆ ಅವನೇ ಬಂದು ಬಗ್ಗಿ, ಟ್ಯಾಂಕಿನ ಕೆಳಗೆ ಎಂತದೋ ಮುಟ್ಟಿ, "ಈಗ ಹೊಡಿ" ಎನ್ನುತ್ತಾನೆ. ಹೊಡೆದರೆ ಬಂಡಿ ಎದ್ದು ಕೂರುತ್ತದೆ. ಅವನ ಕೈಗುಣ ಎಂದುಕೊಳ್ಳುತ್ತೇನೆ.

ಪ್ರತಿ ಸಲವೂ ಹೀಗಾಯಿತೇ? ಆಯಿತು ಎನ್ನುತ್ತದೆ ನೆನಪು, ಆದರೆ ನೆನಪಿನ ಮಾತನ್ನು ನಂಬುವ ಹಾಗಿಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ ಆದದ್ದನ್ನು ಅದು ಒಂದೇ ದಾರಕ್ಕೆ ಪೋಣಿಸುತ್ತದೆ. ಬಿಸಿಲಿರದ ಬೆಳಗುಗಳನ್ನು ಬೇಕೆಂದೇ ಕಳೆದುಬಿಡುತ್ತದೆ. ಗೇರು ಹಣ್ಣಾಗುವ ಮೊದಲೇ ಐತಪ್ಪಣ್ಣ ಹೋದ ಎಂಬುದೊಂದು ಮಾತ್ರ ಯಾವ ದಾರವೂ ಬೇಡದೆ ನಿಂತಿದೆ.

ಅವನು ಹೋದ ಮೇಲೆ ಬಂಡಿ ಆ ತಿರುವಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಮೊನ್ನೆ ಬೇಲಿಯ ಹತ್ತಿರ ಅವನ ಹೆಂಡತಿ ಗಿರಿಜಕ್ಕನಿಗೆ ಇದನ್ನೇ ಹೇಳಿದೆ. ಹೋದ ವರ್ಷದಷ್ಟು ಚಳಿ ಈ ಸಲ ಇಲ್ಲವೆಂದೂ ಸೇರಿಸಿದೆ.

"ಹೋದ ವರ್ಷ ಚಳಿ ಎಲ್ಲಿತ್ತು?" ಎಂದರು ಗಿರಿಜಕ್ಕ. "ಚಳಿ ಇಲ್ಲದೆ ಗೇರು ಸರಿಯಾಗಿ ಹೂ ಸಹ ಬಿಟ್ಟಿರಲಿಲ್ಲ. ಚಳಿ ಇದ್ದದ್ದು ಅವರಿಗೆ. ಮೈಯಲ್ಲಿ ರಕ್ತವೇ ಇರಲಿಲ್ಲ ಅಲ್ವಾ?" ಆಮೇಲೆ ನಕ್ಕರು. "ಮತ್ತೆ ಬಂಡಿ ನಿಲ್ಲದೆ ಎಂತ ಮಾಡ್ತದೆ? ಪೆಟ್ರೋಲ್ ಟ್ಯಾಪ್ ಬಂದ್ ಮಾಡುವುದು ಅವರ ಹಳೆ ಚಾಳಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಂದ್ ಮಾಡುವವರು. ಚಾಯ ಕುದಿಯುವ ಮೊದಲೇ ಗ್ಯಾಸ್ ಬಂದ್!"

ಟ್ಯಾಪ್ ಮುಚ್ಚಿದರೂ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಬಂಡಿ ಸ್ವಲ್ಪ ದೂರ ಓಡಿ ಆಮೇಲೆ ನಿಲ್ಲುತ್ತದೆ. ನಾನು ಎಂದೂ ಟ್ಯಾಪ್ ಮುಚ್ಚುವವನಲ್ಲ. ಎಂದೂ ಮುಚ್ಚದವನು ತೆರೆದಿದೆಯೇ ಎಂದು ಬಗ್ಗಿ ನೋಡುವುದೂ ಇಲ್ಲ. ಊರಿನವರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನ ಕಾಲ ಬುಡದಲ್ಲೇ ಅದಿತ್ತು.

ಆ ಕೈ ಅಲ್ಲಿ ಎಂತ ಮಾಡುತ್ತಿತ್ತು? ಗಿರಿಜಕ್ಕ ಹೇಳಿದಂತೆ ಬರಿಯ ಚಾಳಿಯೇ? ಆ ದರೆಯ ಬಿಸಿಲಿಗಾಗಿ ಹೂಡಿದ ಆಟವೇ? ಅಥವಾ ಯಂತ್ರದಿಂದ, ಅಂದರೆ ಬದುಕಿನಿಂದ, ಒಂದಿಷ್ಟು ಹೊತ್ತನ್ನು ಅವನೇ ಕಡಿಯುತ್ತಿದ್ದನೇ? ಅಂಗೈ ಕಾಯಿಸುವ ಆ ಚಿತ್ರವನ್ನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ನೋಡಿದಷ್ಟೂ ಬೆರಳುಗಳು ಟ್ಯಾಪಿನ ಕಡೆಗೆ ಸರಿಯುತ್ತವೆ. ಈಗ ಅದು ತಿರುಗುವ ಸಣ್ಣ ಸದ್ದೂ ಕೇಳುತ್ತಿದೆ. ಓಡುತ್ತಿದ್ದ ಇಂಜಿನ್ನಿನ ಗದ್ದಲದಲ್ಲಿ, ಅದೂ ಒಳಗೆ ಹೆಲ್ಮೆಟ್ ಹುಡುಕುತ್ತಿದ್ದವನಿಗೆ, ಆ ಸದ್ದು ಕೇಳಿರಲು ಸಾಧ್ಯವೇ ಇಲ್ಲ. ಸತ್ತವನನ್ನು ಕೇಳುವಂತಿಲ್ಲ, ಬದುಕಿರುವ ನಾನೊಬ್ಬನೇ ಸಾಕ್ಷಿ, ಮತ್ತು ಆ ಸಾಕ್ಷಿ ದಿನಕ್ಕೊಂದು ಹೇಳುತ್ತಾನೆ.

ಇವತ್ತು ಬೆಳಗ್ಗೆ ಕಂಬಳಿ ತೆಗೆದೆ. ಚೋಕ್ ಎಳೆದು, ಕೆಮ್ಮಿಸಿ, ಹತ್ತಿಸಿದೆ. ಆಮೇಲೆ ಬಗ್ಗಿ ನಾನೇ ಟ್ಯಾಪ್ ಮುಚ್ಚಿ ಹೊರಟೆ. ಅವನ ಕೈಗಳಿಲ್ಲದೆ ಜೇಬು ಹಗುರವಾಗಿತ್ತು. ತಿರುವಿನಲ್ಲಿ ಬಂಡಿ ಬಿಕ್ಕಿತು, ನಿಂತಿತು. ಇಳಿದು ದರೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದೆ. ಬಿಸಿಲು ಬಿಸಿಲಾಗಿಯೇ ಇತ್ತು; ಬೇರೆ ಏನನ್ನೂ ಅದು ಹೇಳಲಿಲ್ಲ.

ಮುಳ್ಳೇರಿಯದ ಆಟೋ ಒಂದು ನಿಧಾನಿಸಿತು. "ಎಂತಾಯ್ತು ಅಣ್ಣ?"

"ಚಳಿಗೆ ನಿಂತಿತು."

"ಚಳಿಯಾ? ಎಲ್ಲುಂಟು ಮಾರಾಯ್ರೆ ಚಳಿ?" ನಗುತ್ತ ಹೋದ.

ಟ್ಯಾಪ್ ಅಲ್ಲೇ ಇತ್ತು, ಕೈಗೆಟಕುವಷ್ಟು ಹತ್ತಿರ. ತಿರುಗಿಸಿದರೆ ಮುಗಿಯಿತು. ಕೈಗಳನ್ನು ನನ್ನದೇ ಜೇಬಿಗೆ ಹಾಕಿ ನಿಂತೆ, ಬೆರಳುಗಳು ತಣ್ಣಗಿದ್ದವು.